ಹಳಿ ಇತ್ತು, ರೈಲು ಇರಲಿಲ್ಲ: ಜಾಗತೀಕರಣ ಹಿಂದೆ ಸರಿಯುವಾಗ ಭಾರತದ ಮುಂದಿರುವ ದಾರಿ

ಹೊಸೂರು ರಸ್ತೆಯಲ್ಲಿ ದಿನಾ ಓಡಾಡಿದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಸಿಲ್ಕ್ ಬೋರ್ಡ್ ದಾಟಿ ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಬಸ್ಸು ತೆವಳುತ್ತಿತ್ತು. ಪಕ್ಕದಲ್ಲೇ ಮೆಟ್ರೊ ಸೇತುವೆ ಸಿದ್ಧವಾಗಿ ನಿಂತಿತ್ತು. ಕಂಬ ಇತ್ತು, ಹಳಿ ಇತ್ತು, ನಿಲ್ದಾಣಕ್ಕೆ ಬಣ್ಣವೂ ಬಳಿದಿತ್ತು. ರೈಲು ಮಾತ್ರ ಇರಲಿಲ್ಲ.

ರೈಲು ಯಾಕೆ ಬರಲಿಲ್ಲ ಅನ್ನುವ ಕಥೆ ಬೆಂಗಳೂರಿನಲ್ಲಿ ಶುರುವಾಗುವುದಿಲ್ಲ. 2019ರ ಕೊನೆಯಲ್ಲಿ 216 ಬೋಗಿಗಳ ಗುತ್ತಿಗೆ ಚೀನಾದ ಸರ್ಕಾರಿ ಕಂಪನಿ ಸಿಆರ್‌ಆರ್‌ಸಿಗೆ ಸಿಕ್ಕಿತ್ತು. ಬೋಗಿಗಳಲ್ಲಿ ಬಹುಪಾಲು ಭಾರತದಲ್ಲೇ ತಯಾರಾಗಬೇಕು ಅನ್ನುವುದು ಷರತ್ತು. ಮರುವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ನಮ್ಮೊಂದಿಗೆ ಗಡಿ ಹಂಚಿಕೊಂಡ ದೇಶಗಳವರು ಇಲ್ಲಿ ಬಂಡವಾಳ ಹಾಕಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು ಎಂದಾಯಿತು. ಜೂನ್‌ನಲ್ಲಿ ಗಲ್ವಾನ್ ಘರ್ಷಣೆ ನಡೆದು ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆಮೇಲೆ ಚೀನಾ ಕಂಪನಿ ಇಲ್ಲಿ ಕಾರ್ಖಾನೆ ತೆರೆಯುವ ಮಾತೇ ಉಳಿಯಲಿಲ್ಲ. ಕೊನೆಗೆ ಸಿಆರ್‌ಆರ್‌ಸಿಯವರು ಪಶ್ಚಿಮ ಬಂಗಾಳದ ಬೋಗಿ ತಯಾರಕ ಟಿಟಾಗಢ ಕಂಪನಿಯ ಜೊತೆ ಕೈಜೋಡಿಸಿದರು. ಕೆಲಸ ಕಲಿಸಲು ಬರಬೇಕಿದ್ದ ಚೀನೀ ಎಂಜಿನಿಯರುಗಳಿಗೆ ವೀಸಾ ಸಿಗುವುದೂ ತಡವಾಯಿತು. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ಟ್ರೈಲರುಗಳ ಮೇಲೆ ಹೆಬ್ಬಗೋಡಿ ಡಿಪೊ ಸೇರಿದ್ದು 2024ರ ಫೆಬ್ರುವರಿಯಲ್ಲಿ. ಸುಮಾರು 19 ಕಿ.ಮೀ. ಉದ್ದದ, 16 ನಿಲ್ದಾಣಗಳ ಹಳದಿ ಮಾರ್ಗ ಉದ್ಘಾಟನೆ ಆಗಿದ್ದು 2025ರ ಆಗಸ್ಟ್ 10ರಂದು. ಆಗ ಇದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದು.

ಇದರಲ್ಲಿ ಒಬ್ಬರನ್ನೇ ತಪ್ಪಿತಸ್ಥರು ಅನ್ನಲಾಗುವುದಿಲ್ಲ. ಗಡಿಯಲ್ಲಿ ರಕ್ತ ಹರಿದ ಮೇಲೆ ಸರ್ಕಾರ ಎಚ್ಚರ ವಹಿಸಿದ್ದು ಸಹಜ. ಆದರೆ ಆ ಎಚ್ಚರಿಕೆಯ ಬೆಲೆ ತೆತ್ತವರು ಬಸ್ಸಿನಲ್ಲಿ ನಿಂತಿದ್ದವರು. ಜಾಗತೀಕರಣ ಹಿಂದೆ ಸರಿಯುತ್ತಿದೆ ಅಂತ ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಖಾಲಿ ಹಳಿ.

ನಾನು ಇಲ್ಲಿ ಹೇಳಹೊರಟಿರುವುದು ಇಷ್ಟು. ಬೇರೆ ದೇಶಗಳು ಕಟ್ಟುತ್ತಿರುವ ಗೋಡೆಗಳ ಮೇಲೆ ನಮಗೆ ಹಿಡಿತ ಇಲ್ಲ. ನಮ್ಮ ಬಾಗಿಲನ್ನು ಯಾವುದಕ್ಕೆ ಪೂರ್ತಿ ತೆಗೆಯಬೇಕು, ಯಾವುದಕ್ಕೆ ಓರೆ ಮಾಡಿಡಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ. ನಮಗೆ ಜಾಸ್ತಿ ಪೆಟ್ಟು ಬೀಳುತ್ತಿರುವುದು ಈ ಎರಡನೆಯ ಕಡೆಯಿಂದ.

ಮೊದಲು, ಹಿಂದೆ ಸರಿಯುವುದು ಅಂದರೇನು ಅಂತ ನೋಡೋಣ. ಜಗತ್ತಿನ ಒಟ್ಟು ಉತ್ಪಾದನೆಯನ್ನು 100 ರೂಪಾಯಿ ಅಂದುಕೊಳ್ಳಿ. 1990ರಲ್ಲಿ ದೇಶ ದೇಶಗಳ ನಡುವಿನ ಆಮದು, ರಫ್ತು ಸೇರಿ 40 ರೂಪಾಯಿಯ ಹತ್ತಿರ ಇತ್ತು. 2008ರ ಹೊತ್ತಿಗೆ 60 ದಾಟಿತು. ಆಮೇಲೆ ಸ್ವಲ್ಪ ಇಳಿಯುವುದು, ಸ್ವಲ್ಪ ಏರುವುದು, ಅಲ್ಲಲ್ಲೇ ಸುತ್ತುತ್ತಿದೆ. ಹಡಗುಗಳು ನಿಂತಿಲ್ಲ. ಆದರೆ ನಾಳೆಯೂ ಇದೇ ನಿಯಮ ಇರುತ್ತದೆ ಅನ್ನುವ ನಂಬಿಕೆ ಹೋಗಿದೆ. 2018ರಲ್ಲಿ ಅಮೆರಿಕ ಮತ್ತು ಚೀನಾ ಸುಂಕದ ಜಗಳಕ್ಕೆ ಇಳಿದವು. 2020ರಲ್ಲಿ ಕೋವಿಡ್ ಬಂದಾಗ ಮಾಸ್ಕು, ಲಸಿಕೆಗಳನ್ನೂ ದೇಶಗಳು ಹಿಡಿದಿಟ್ಟುಕೊಂಡವು. ವ್ಯಾಪಾರದ ತಕರಾರು ಬಗೆಹರಿಸಲು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಒಂದು ಮೇಲ್ಮನವಿ ಮಂಡಳಿ ಇದೆ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರಿನಿಂದ ಅದು ಕೆಲಸವನ್ನೇ ಮಾಡುತ್ತಿಲ್ಲ. ಜಗಳ ಆದಾಗ ಹೋಗಿ ಕೂರುತ್ತಿದ್ದ ಪಂಚಾಯಿತಿ ಕಟ್ಟೆ ಖಾಲಿ ಬಿದ್ದಿದೆ.

ಇಂಥ ಹೊತ್ತಿನಲ್ಲಿ ಭಾರತಕ್ಕೆ ಒಂದು ಸಮಾಧಾನ ಹೇಳುವವರು ತುಂಬಾ ಜನ. ನಮ್ಮದು 140 ಕೋಟಿ ಜನರ ದೇಶ, ಇಲ್ಲೇ ಮಾಡಿ ಇಲ್ಲೇ ಮಾರೋಣ, ಹೊರಗಿನವರ ಹಂಗೇಕೆ ಅಂತ. ಕೇಳಲು ಹಿತವಾಗಿದೆ. ಅರ್ಧ ನಿಜವೂ ಹೌದು. ನಮ್ಮ ಒಟ್ಟು ಉತ್ಪನ್ನದಲ್ಲಿ ಸುಮಾರು ಶೇ 60ರಷ್ಟು ಜನರ ಖರ್ಚಿನಿಂದಲೇ ಬರುತ್ತದೆ. ಹಾಗಾಗಿ ಹೊರಗೆ ಬಿರುಗಾಳಿ ಎದ್ದರೂ ನಮ್ಮ ಬೆಳವಣಿಗೆ ಒಮ್ಮೆಗೇ ನೆಲ ಕಚ್ಚುವುದಿಲ್ಲ. 2024-25ರಲ್ಲಿ ಜಗತ್ತಿನ ದೊಡ್ಡ ದೇಶಗಳೆಲ್ಲ ಏದುಸಿರು ಬಿಡುವಾಗ ನಾವು ಶೇ 6.5ರ ದರದಲ್ಲಿ ಬೆಳೆದೆವು.

ಉಳಿದ ಅರ್ಧ ನಮ್ಮ ಇತಿಹಾಸದಲ್ಲೇ ಇದೆ. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ವಿದೇಶಿ ಹಣ ಉಳಿದಿತ್ತು. ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಒತ್ತೆ ಇಟ್ಟೆವು. ಆ ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದಾಗ ಕೆಲವು ವಸ್ತುಗಳ ಮೇಲಿನ ಆಮದು ಸುಂಕ ಶೇ 300ಕ್ಕಿಂತ ಜಾಸ್ತಿ ಇತ್ತು. ಗರಿಷ್ಠ ದರವನ್ನು ಅವರು 150ಕ್ಕೆ ಇಳಿಸಿದರು. ಮುಂದೆ ಬಂದ ಎಲ್ಲ ಸರ್ಕಾರಗಳೂ ಇಳಿಸುತ್ತಲೇ ಹೋದವು. 2007ರ ಹೊತ್ತಿಗೆ ಕೃಷಿ ಬಿಟ್ಟು ಉಳಿದ ವಸ್ತುಗಳ ಗರಿಷ್ಠ ದರ ಶೇ 10ಕ್ಕೆ ಬಂದಿತ್ತು. ನಮ್ಮ ಸರಕು ರಫ್ತು 2003-04ರಲ್ಲಿ ಸುಮಾರು 64 ಶತಕೋಟಿ ಡಾಲರ್ ಇದ್ದದ್ದು 2008-09ಕ್ಕೆ 185 ಆಯಿತು. ಐದೇ ವರ್ಷದಲ್ಲಿ ಮೂರು ಪಟ್ಟು ಸಮೀಪ! ದೇಶ ಅತಿ ವೇಗವಾಗಿ ಬೆಳೆದ ವರ್ಷಗಳೂ ಅವೇ. ನಾವು ಚೆನ್ನಾಗಿ ಬೆಳೆದದ್ದು ನಮ್ಮ ಪಾಡಿಗೆ ನಾವು ಇದ್ದಾಗ ಅಲ್ಲ.

ಆಮೇಲೆ ಗಾಳಿ ತಿರುಗಿತು. 2014ರಲ್ಲಿ ಶೇ 13ರ ಆಸುಪಾಸು ಇದ್ದ ಸರಾಸರಿ ಸುಂಕ ಮತ್ತೆ ಏರಿ 17, 18ರವರೆಗೆ ಹೋಯಿತು. 2019ರ ನವೆಂಬರಿನಲ್ಲಿ ಏಷ್ಯಾದ ದೊಡ್ಡ ವ್ಯಾಪಾರ ಒಕ್ಕೂಟವಾದ ಆರ್‌ಸಿಇಪಿ ಸೇರುವುದಿಲ್ಲ ಎಂದು ಹೊರಬಂದೆವು. 2013ರಲ್ಲಿ ನಮ್ಮ ಉತ್ಪನ್ನದ ಕಾಲು ಭಾಗದಷ್ಟಿದ್ದ ರಫ್ತು ಈಗ ಐದನೇ ಒಂದು ಭಾಗಕ್ಕಿಂತ ತುಸು ಮೇಲಿದೆ. ಪಕ್ಕದಲ್ಲಿ ವಿಯೆಟ್ನಾಂ ಇಟ್ಟು ನೋಡಿ. ಅಲ್ಲಿನ ಜನಸಂಖ್ಯೆ ಸುಮಾರು 10 ಕೋಟಿ. 2024ರಲ್ಲಿ ಅವರು ರಫ್ತು ಮಾಡಿದ ಸರಕು 405 ಶತಕೋಟಿ ಡಾಲರಿನದು. 2024-25ರಲ್ಲಿ ನಮ್ಮದು 437. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊಲಿಗೆಯ ಲೈನಿನಲ್ಲಿ

ರಾಮನಗರ, ಮದ್ದೂರು, ಕನಕಪುರ ಕಡೆಯ ಹಳ್ಳಿಗಳಿಂದ ಬೆಳಗ್ಗೆ ಹೊತ್ತು ಮೂಡುವ ಮೊದಲೇ ವ್ಯಾನುಗಳು ಹೊರಡುತ್ತವೆ. ತುಂಬಾ ಹೆಣ್ಣುಮಕ್ಕಳು, ಮಡಿಲಲ್ಲಿ ಊಟದ ಡಬ್ಬಿ. ಹೋಗುವುದು ಗಾರ್ಮೆಂಟ್ಸಿಗೆ. ಅಲ್ಲಿ ಲೈನಿನಲ್ಲಿ ಒಬ್ಬರು ಕಾಲರ್ ಹೊಲಿದರೆ ಇನ್ನೊಬ್ಬರು ತೋಳು ಕೂಡಿಸುತ್ತಾರೆ, ಮತ್ತೊಬ್ಬರು ಕಾಜ ಹಾಕುತ್ತಾರೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬೋರ್ಡಿನ ಮೇಲೆ ಬರೆದಿರುತ್ತಾರೆ. ಸಂಬಳ ಜಾಸ್ತಿ ಏನಿಲ್ಲ. ಆದರೆ ಹತ್ತನೇ ತರಗತಿ ಓದಿದ, ಇಲ್ಲವೇ ಅಲ್ಲಿಗೇ ಬಿಟ್ಟ ಹೆಂಗಸೊಬ್ಬಳಿಗೆ ತಿಂಗಳಿಗೊಮ್ಮೆ ತನ್ನ ಹೆಸರಿನ ಖಾತೆಗೆ ದುಡ್ಡು ಬೀಳುವ ಕೆಲಸ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಬೇರೆ ಎಲ್ಲಿದೆ?

2025ರ ಆಗಸ್ಟ್ 7ರಂದು ಅಮೆರಿಕ ನಮ್ಮ ಸರಕುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹಾಕಿತು. ರಷ್ಯಾದ ತೈಲ ಕೊಳ್ಳುತ್ತೇವೆ ಅಂತ ಆಗಸ್ಟ್ 27ರಿಂದ ಇನ್ನೂ 25 ಸೇರಿಸಿತು. ಒಟ್ಟು 50. ಆಗ ಬಾಂಗ್ಲಾದೇಶ, ವಿಯೆಟ್ನಾಂಗಳ ಮೇಲಿದ್ದದ್ದು 20. ನಮ್ಮ ಸರಕು ರಫ್ತಿನಲ್ಲಿ ಸುಮಾರು ಐದನೇ ಒಂದು ಭಾಗ ಹೋಗುವುದು ಅಮೆರಿಕಕ್ಕೆ. ಔಷಧಿ ಮತ್ತು ಫೋನುಗಳಿಗೆ ವಿನಾಯಿತಿ ಸಿಕ್ಕಿತು. ಬಟ್ಟೆ, ಸಿಗಡಿ, ವಜ್ರ, ಚರ್ಮ ಸಿಕ್ಕಿಬಿದ್ದವು. ಅಂದರೆ ಕೈಗಳು ಜಾಸ್ತಿ ಬೇಕಾಗುವ ಕೆಲಸಗಳೇ.

ಸುಂಕವನ್ನು ಕಟ್ಟುವುದು ಅಮೆರಿಕದ ಆಮದುದಾರ. ಆದರೆ ಅವನು ಮೊದಲು ಮಾಡುವುದು ಇಲ್ಲಿಗೆ ಫೋನ್. ಅರ್ಧ ನೀವು ಹೊತ್ತುಕೊಳ್ಳಿ, ಇಲ್ಲ ಅಂದರೆ ಮುಂದಿನ ಆರ್ಡರ್ ಢಾಕಾಕ್ಕೆ. ಹೊಲಿಗೆ ವ್ಯವಹಾರದಲ್ಲಿ ಲಾಭವೇ ತೆಳು. ಮಾಲೀಕ ಒಂದೆರಡು ಶಿಪ್‌ಮೆಂಟ್ ತಡೆದುಕೊಳ್ಳಬಹುದು. ಮೊದಲು ಹೋಗುವುದು ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ. ಆಮೇಲೆ ಹೆಲ್ಪರುಗಳಿಗೆ ನಾಳೆಯಿಂದ ಬರಬೇಡಿ ಅಂತ.

2026ರ ಫೆಬ್ರುವರಿಯಲ್ಲಿ ಈ ದರವನ್ನು ಶೇ 18ಕ್ಕೆ ಇಳಿಸುವ ಘೋಷಣೆ ಬಂತು. ಅದೇ ತಿಂಗಳು ಅಮೆರಿಕದ ಸುಪ್ರೀಂ ಕೋರ್ಟು, ತುರ್ತು ಅಧಿಕಾರದ ಕಾನೂನು ಹಿಡಿದು ಅಧ್ಯಕ್ಷರು ಇಂಥ ಸುಂಕ ಹಾಕುವಂತಿಲ್ಲ ಎಂದಿತು. ಅವರು ಬೇರೆ ಕಾನೂನಿನಡಿ ಹೊಸ ಸುಂಕ ಹಾಕಿದರು. ದರ 50 ಇರಲಿ, 18 ಇರಲಿ, ಆರು ತಿಂಗಳಲ್ಲಿ ಇಷ್ಟು ಸಲ ಬದಲಾಗುವುದಾದರೆ ಹೊಸ ಮೆಷಿನ್ ಹಾಕಿ ಇನ್ನೂ 200 ಜನರನ್ನು ತೆಗೆದುಕೊಳ್ಳುವ ಧೈರ್ಯ ಯಾರಿಗೆ ಬರುತ್ತದೆ?

ಇದು ಅವರ ಗೋಡೆ. ಈಗ ನಮ್ಮದನ್ನು ನೋಡಿ. ಜಗತ್ತಿನಲ್ಲಿ ಬಳಕೆಯಾಗುವ ನಾರಿನಲ್ಲಿ ಸುಮಾರು ಮುಕ್ಕಾಲು ಪಾಲು ಪಾಲಿಯೆಸ್ಟರ್, ವಿಸ್ಕೋಸ್‌ನಂಥ ಕೃತಕ ನಾರು. ಜಾಕೆಟ್, ಟ್ರ್ಯಾಕ್ ಪ್ಯಾಂಟ್, ಲೆಗ್ಗಿಂಗ್ಸ್ ಎಲ್ಲ ಅದರದ್ದೇ. ನಾವು ಇವತ್ತಿಗೂ ಮುಖ್ಯವಾಗಿ ಹತ್ತಿಯನ್ನೇ ನಂಬಿದ್ದೇವೆ. 2023ರಲ್ಲಿ ಈ ಕೃತಕ ನಾರುಗಳ ಮೇಲೆ ಗುಣಮಟ್ಟ ನಿಯಂತ್ರಣ ಆದೇಶ ಬಂತು. ಹೊರಗಿನ ಕಾರ್ಖಾನೆಯೂ ನಮ್ಮ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಪ್ರಮಾಣಪತ್ರ ಪಡೆಯಬೇಕು ಎಂದಾಯಿತು. ಹೆಸರಿಗೆ ಗುಣಮಟ್ಟ. ಆಗಿದ್ದು ಮಾತ್ರ ಅಗ್ಗದ ನೂಲಿಗೆ ತಡೆ. ಇಲ್ಲಿನ ಕೆಲವೇ ದೊಡ್ಡ ತಯಾರಕರು ಹೇಳಿದ್ದೇ ಬೆಲೆ. ಆ ದುಬಾರಿ ನೂಲಿನಿಂದ ಬಟ್ಟೆ ಮಾಡಿ ಢಾಕಾದವರ ಜೊತೆ ಪೈಪೋಟಿ ಮಾಡಿ ಅಂತ ನಮ್ಮ ಹೊಲಿಗೆ ಕಾರ್ಖಾನೆಗಳಿಗೆ ಹೇಳಿದೆವು. ಬಾಂಗ್ಲಾದೇಶದ ಸಿದ್ಧ ಉಡುಪಿನ ರಫ್ತು ವರ್ಷಕ್ಕೆ ಸುಮಾರು 39 ಶತಕೋಟಿ ಡಾಲರ್. ನಮ್ಮದು 16. ಅಮೆರಿಕದ ಪೆಟ್ಟು ಬಿದ್ದ ಮೇಲೆ, 2025ರ ನವೆಂಬರಿನಲ್ಲಿ, ಸರ್ಕಾರ ಆ ಆದೇಶಗಳನ್ನು ವಾಪಸ್ ಪಡೆಯಿತು. ಒಳ್ಳೆಯದಾಯಿತು. ಎರಡು ವರ್ಷ ಮೊದಲೇ ಆಗಬಹುದಿತ್ತು ಅಲ್ವಾ?

ಹತ್ತಿಯ ಮೇಲೂ 2021ರಿಂದ ಶೇ 11ರ ಆಮದು ಸುಂಕ ಇತ್ತು. 2025ರ ಆಗಸ್ಟಿನಿಂದ ವರ್ಷದ ಕೊನೆಯವರೆಗೆ ಅದನ್ನು ಕೈಬಿಟ್ಟರು. ಇಲ್ಲಿ ಮಾತ್ರ ನಾನು ಅಷ್ಟು ಸಲೀಸಾಗಿ ತೀರ್ಪು ಕೊಡಲಾರೆ. ಹಾವೇರಿ, ರಾಯಚೂರಿನ ಹತ್ತಿ ಬೆಳೆಗಾರನಿಗೆ ಆ ಸುಂಕ ಒಂದು ಆಸರೆ. ಅವನ ಕೈ ಬಿಟ್ಟು ಮದ್ದೂರಿನ ಟೈಲರಿಗೆ ಕೈ ಕೊಡುವುದು ಸರಿಯಾ? ಇದೇ ಪ್ರಶ್ನೆಯನ್ನು ನಮ್ಮ ರೇಷ್ಮೆ ಮೂವತ್ತು ವರ್ಷದಿಂದ ಕೇಳುತ್ತಿದೆ.

ಗೂಡಿನ ಮಾರುಕಟ್ಟೆ ಕಲಿಸಿದ್ದು

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು. ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಚೀಲಕ್ಕೆ ತುಂಬಿಕೊಂಡು ರೈತರು ಬೆಳಗಿನ ಜಾವವೇ ಬಂದಿರುತ್ತಾರೆ. ಜಾಲರಿಗೆ ಸುರಿದು, ಕೈಯಾಡಿಸಿ, ಹರಡಿ, ಪಕ್ಕದಲ್ಲೇ ನಿಲ್ಲುತ್ತಾರೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಬಂದು ನಾಲ್ಕು ಗೂಡು ಕೈಗೆತ್ತಿಕೊಂಡು ಒತ್ತಿ ನೋಡುತ್ತಾನೆ. ಕಿವಿಯ ಹತ್ತಿರ ಅಲುಗಾಡಿಸುತ್ತಾನೆ. ಹರಾಜು ಮುಗಿಯುವವರೆಗೆ ರೈತನಿಗೆ ಉಸಿರು ಬಿಗಿ. ತಿಂಗಳೊಪ್ಪತ್ತು ಮನೆಯವರೆಲ್ಲ ರಾತ್ರಿ ಹಗಲು ಹುಳುವಿಗೆ ಸೊಪ್ಪು ಹಾಕಿದ ಶ್ರಮದ ಬೆಲೆ ಆ ಕೆಲವು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಆ ಬೆಲೆಗೂ ಚೀನಾಕ್ಕೂ ನೇರ ನಂಟು. ಸೀರೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಎರಡೂ ನೂಲು ಬೇಕು. ಹಾಸು ನೂಲಿಗೆ ಗಟ್ಟಿಯಾದ, ಒಂದೇ ಸಮನಾದ ದ್ವಿತಳಿ (ಬೈವೋಲ್ಟೀನ್) ರೇಷ್ಮೆ ಬೇಕು. ಯಂತ್ರದ ಮಗ್ಗದಲ್ಲಂತೂ ಅದಿಲ್ಲದೆ ಆಗದು. ನಮ್ಮಲ್ಲಿ ಹಿಂದೆ ಬೆಳೆಯುತ್ತಿದ್ದದ್ದು ಹೆಚ್ಚಾಗಿ ಮಿಶ್ರತಳಿ. ಹಾಗಾಗಿ ನೇಕಾರರು ಚೀನಾ ರೇಷ್ಮೆಗೆ ಕೈಚಾಚುತ್ತಿದ್ದರು. ಅದು ಅಗ್ಗವಾಗಿ ಬಂದು ಬಿದ್ದಾಗಲೆಲ್ಲ ಇಲ್ಲಿ ಗೂಡಿನ ಬೆಲೆ ಇಳಿಯುತ್ತಿತ್ತು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಒಮ್ಮೆಗೇ 5ಕ್ಕೆ ಇಳಿಸಿದರು. ನೇಕಾರರಿಗೆ ಅನುಕೂಲ ಆಗಲಿ ಅನ್ನುವ ಉದ್ದೇಶ. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಮುಂದೆ ಸುಂಕ ಮತ್ತೆ ಏರಿತು. 2021ರಲ್ಲಿ 10ರಿಂದ 15 ಆಯಿತು.

ಬರೀ ಇಷ್ಟೇ ಆಗಿದ್ದರೆ ಇದು ಹಗ್ಗಜಗ್ಗಾಟದ ಕಥೆ. ಆದರೆ ಜೊತೆಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ದ್ವಿತಳಿ ರೇಷ್ಮೆಯ ಯೋಜನೆ ಶುರುವಾಯಿತು. ಜಪಾನಿನ ತಜ್ಞರು ಇಲ್ಲಿಗೆ ಬಂದರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ಬಿಸಿಲಿಗೆ ಒಗ್ಗುವ ತಳಿಗಳನ್ನು ಕಟ್ಟಿದರು. ಹುಳು ಸಾಕಣೆ ಮನೆ ಹೇಗಿರಬೇಕು, ಮರಿ ಹುಳುವನ್ನು ಹೇಗೆ ನೋಡಿಕೊಳ್ಳಬೇಕು ಅಂತ ರೈತರಿಗೆ ವರ್ಷಗಟ್ಟಲೆ ಹೇಳಿಕೊಟ್ಟರು. ಚೀನಾ ರೇಷ್ಮೆಯ ಆಮದು ಈಗ ಎರಡು ದಶಕದ ಹಿಂದಿನದಕ್ಕಿಂತ ಬಹಳ ಕಡಿಮೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಪೂರ್ತಿ ತೆಗೆದಿರಲೂ ಇಲ್ಲ. ಸರಕಿಗೆ ಓರೆ ಮಾಡಿಟ್ಟರು, ವಿದ್ಯೆಗೆ ಪೂರ್ತಿ ತೆಗೆದರು. ಸುಂಕವು ಕಲಿಯಲು ಸಮಯ ಕೊಟ್ಟಿತು, ಆ ಸಮಯವನ್ನು ನಿಜವಾಗಿಯೂ ಕಲಿಯಲು ಬಳಸಿಕೊಂಡೆವು. ಸುಂಕ ಹಾಕಿ ಸುಮ್ನೆ ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಹಾಲಿನ ವಿಷಯದಲ್ಲೂ ನಾನು ರೈತರ ಪರವೇ. ಆರ್‌ಸಿಇಪಿ ಬೇಡ ಅಂತ 2019ರಲ್ಲಿ ಜೋರಾಗಿ ಹೇಳಿದವರಲ್ಲಿ ಹಾಲು ಉತ್ಪಾದಕರು ಮುಂದಿದ್ದರು. 50 ಲಕ್ಷ ಜನಸಂಖ್ಯೆಯ ನ್ಯೂಜಿಲೆಂಡ್ ತನ್ನ ಹಾಲಿನಲ್ಲಿ ಬಹುಪಾಲನ್ನು ರಫ್ತು ಮಾಡುವ ದೇಶ. ಅಲ್ಲಿನದು ನೂರಾರು ಹಸುಗಳ ಹಿಂಡು. ಇಲ್ಲಿ ಎರಡು ಹಸು ಕಟ್ಟಿಕೊಂಡು ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಡೆಯುವ ಹೆಂಗಸರು. ಇದು ಸರಿಸಮರ ಕುಸ್ತಿಯೇ ಅಲ್ಲ. ಆದರೆ ಹಾಲಿಗೆ ಕಾವಲು ಬೇಕು ಅನ್ನುವ ಕಾರಣಕ್ಕೆ ಇಡೀ ಒಕ್ಕೂಟದಿಂದಲೇ ಹೊರಗುಳಿದದ್ದು ದುಬಾರಿಯಾಯಿತು ಎಂದೇ ನನ್ನ ಅಭಿಪ್ರಾಯ. ಆಮೇಲೆ ಬ್ರಿಟನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಹಾಲನ್ನು ಹೊರಗಿಟ್ಟೇ ಮಾತು ಮುಗಿಸಿದ್ದೇವೆ. ಅಂದರೆ ದಾರಿ ಇತ್ತು.

ಫೋನು, ಅಯಸ್ಕಾಂತ, ವೀಸಾ

ಬಾಗಿಲನ್ನು ತೆಗೆದಾಗ ಏನಾಗುತ್ತದೆ ಎಂದು ನೋಡಬೇಕಾದರೆ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಹೋಗಬೇಕು. ತೈವಾನಿನ ಫಾಕ್ಸ್‌ಕಾನ್ ಕಂಪನಿಯ ಕಾರ್ಖಾನೆಯಲ್ಲಿ ಐಫೋನ್ ಜೋಡಣೆ ನಡೆಯುತ್ತಿದೆ. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಟ್ಟಿದ್ದ ಘಟಕ 2023ರಿಂದ ಟಾಟಾ ಕೈಯಲ್ಲಿದೆ. 2020ರಲ್ಲಿ ಶುರುವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ, ಅಂದರೆ ಪಿಎಲ್‌ಐ, 14 ವಲಯಗಳಿಗೆ ಒಟ್ಟು 1.97 ಲಕ್ಷ ಕೋಟಿ ರೂಪಾಯಿ ತೆಗೆದಿಟ್ಟಿತು. ಹಲವು ವಲಯಗಳಲ್ಲಿ ಅದು ಕುಂಟಿತು. ಫೋನಿನಲ್ಲಿ ಮಾತ್ರ ಓಡಿತು. 2024-25ರಲ್ಲಿ ಸ್ಮಾರ್ಟ್‌ಫೋನ್ ರಫ್ತು 2 ಲಕ್ಷ ಕೋಟಿ ರೂಪಾಯಿ ದಾಟಿತು. ಅದರಲ್ಲಿ ಐಫೋನಿನದ್ದೇ 1.5 ಲಕ್ಷ ಕೋಟಿ.

ಪ್ರೋತ್ಸಾಹಧನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. 2024ರ ಜನವರಿಯಲ್ಲಿ ಫೋನಿನ ಹಲವು ಬಿಡಿಭಾಗಗಳ ಸುಂಕವನ್ನು ಶೇ 15ರಿಂದ 10ಕ್ಕೆ ಇಳಿಸಿದ್ದನ್ನು ನೆನೆಯುವವರು ಕಡಿಮೆ. ಜೋಡಿಸಿ ಹೊರಗೆ ಕಳಿಸುವ ಸರಕಿಗೆ ಒಳಗೆ ಬರುವ ಬಿಡಿಭಾಗವೇ ಬೀಜ. ಬೀಜಕ್ಕೆ ತೆರಿಗೆ ಹಾಕಿ ಬೆಳೆ ಜಾಸ್ತಿ ಬರಲಿ ಅಂದರೆ ಆಗುತ್ತದೆಯೇ? ಆಮದು ಜಾಸ್ತಿಯಾಯಿತು ಅಂತ ಬೊಬ್ಬೆ ಹಾಕುವಾಗ, ಆ ಆಮದಿನಲ್ಲಿ ಎಷ್ಟು ಭಾಗ ನಾಳೆಯ ರಫ್ತಿನ ಕಚ್ಚಾ ಮಾಲು ಎಂಬುದನ್ನೂ ನೋಡಬೇಕು.

ಹಾಗಂತ ಚಿಂತೆ ಇಲ್ಲ ಅಂತಲ್ಲ. 2024-25ರಲ್ಲಿ ಚೀನಾದ ಜೊತೆ ನಮ್ಮ ವ್ಯಾಪಾರ ಕೊರತೆ 99 ಶತಕೋಟಿ ಡಾಲರ್. ಕೊರತೆಗಿಂತ ದೊಡ್ಡ ಅಪಾಯ, ಅವರು ಬೇಕೆಂದಾಗ ನಲ್ಲಿ ತಿರುಗಿಸಬಹುದು ಅನ್ನುವುದು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಖನಿಜಗಳು (ರೇರ್ ಅರ್ತ್) ಮತ್ತು ಅವುಗಳಿಂದ ಮಾಡುವ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ವಿದ್ಯುತ್ ಸ್ಕೂಟರಿನ ಮೋಟಾರಿನೊಳಗೆ ಕೂರುವ ಆ ಅಯಸ್ಕಾಂತ ನೋಡಲು ಚಿಕ್ಕದು. ಅದಿಲ್ಲದೆ ಗಾಡಿ ಅಲ್ಲಾಡದು. ಇಲ್ಲಿನ ತಯಾರಕರು ಕಾಗದಪತ್ರ ಹಿಡಿದು ತಿಂಗಳುಗಟ್ಟಲೆ ಕಾದರು. ಈ ಜಾತಿಯ ಖನಿಜ ಇರುವ ಮರಳು ಕೇರಳದ ಚವರದಲ್ಲಿದೆ, ಒಡಿಶಾದಲ್ಲೂ ಇದೆ. ಮಣ್ಣು ನಮ್ಮಲ್ಲಿತ್ತು. ಅದನ್ನು ಅಯಸ್ಕಾಂತ ಮಾಡುವ ಕೈಕೆಲಸ ನಾವು ಕಲಿತಿರಲಿಲ್ಲ. ವರ್ಷಕ್ಕೆ 6,000 ಟನ್ ತಯಾರಿಸುವ ಗುರಿಯ 7,280 ಕೋಟಿ ರೂಪಾಯಿಯ ಯೋಜನೆಗೆ 2025ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ.

ಕೈಕೆಲಸ ಬರುವುದು ಮನುಷ್ಯರ ಜೊತೆಗೆ. 2025ರ ಮಧ್ಯದಲ್ಲಿ ಫಾಕ್ಸ್‌ಕಾನ್ ತನ್ನ ಭಾರತದ ಘಟಕಗಳಿಂದ ನೂರಾರು ಚೀನೀ ಎಂಜಿನಿಯರುಗಳನ್ನು ವಾಪಸ್ ಕರೆಸಿಕೊಂಡಿತು ಎಂದು ವರದಿಯಾಯಿತು. ಚೀನಾ ತನ್ನ ವಿದ್ಯೆ ಹೊರಹೋಗದಂತೆ ನೋಡಿಕೊಳ್ಳುತ್ತಿದೆ. ನಾವೇನು ಮಾಡಿದೆವು? ಅದೇ ವಿದ್ಯೆ ಒಳಬರುವಾಗ ವರ್ಷಗಟ್ಟಲೆ ವೀಸಾ ತಡೆದೆವು. ಭದ್ರತೆಯ ಪ್ರಶ್ನೆ ನಿಜ. ದೂರಸಂಪರ್ಕ, ವಿದ್ಯುತ್ ಜಾಲದಂಥ ಕಡೆ ಕಟ್ಟುನಿಟ್ಟು ಇರಲೇಬೇಕು. ಮೆಟ್ರೊ ಬೋಗಿಯ ಬೆಸುಗೆ ಹೇಳಿಕೊಡಲು ಬರುವವನಿಗೂ ಅದೇ ತಡೆಯಾ? ಹಳದಿ ಮಾರ್ಗಕ್ಕೆ ಎರಡನೆಯ ರೈಲು ಟಿಟಾಗಢದಿಂದ ಬಂದದ್ದು, ಆ ಎಂಜಿನಿಯರುಗಳು ಬಂದು ಕಲಿಸಿಹೋದ ಮೇಲೆಯೇ. ಈಗ ವೀಸಾ ಸಡಿಲವಾಗಿದೆ, ನೇರ ವಿಮಾನಗಳೂ ಮತ್ತೆ ಶುರುವಾಗಿವೆ. ಇದು ಹೀಗೇ ಮುಂದುವರಿಯಲಿ ಎಂದು ಮನಸಾರೆ ಬಯಸುತ್ತೇನೆ.

ಬೆಂಗಳೂರಿಗೆ ಇನ್ನೊಂದು ಬಲ ಇದೆ, ಸೇವೆಗಳ ರಫ್ತು. 2014-15ರಲ್ಲಿ 158 ಶತಕೋಟಿ ಡಾಲರ್ ಇದ್ದದ್ದು 2024-25ಕ್ಕೆ 387. ದೇಶದಲ್ಲಿ 1,700ಕ್ಕೂ ಹೆಚ್ಚು ವಿದೇಶಿ ಕಂಪನಿಗಳು ತಮ್ಮದೇ ಕೇಂದ್ರ ತೆರೆದು ಸುಮಾರು 19 ಲಕ್ಷ ಜನರಿಗೆ ಕೆಲಸ ಕೊಟ್ಟಿವೆ. ಬೇರೆ ಯಾವ ಊರಿಗಿಂತಲೂ ಬೆಂಗಳೂರಿನಲ್ಲಿ ಜಾಸ್ತಿ. ಕೋಡ್ ಬಂದರಿನಲ್ಲಿ ಇಳಿಯುವುದಿಲ್ಲ, ಹಾಗಾಗಿ ಸುಂಕದವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ, ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂದಾಗ ನಮ್ಮ ಹುಡುಗರಿಗೆ ಆಘಾತವಾಗಿದ್ದು ನಿಜ. ಆದರೆ ಜನ ಹೋಗಲಾಗದಿದ್ದರೆ ಕೆಲಸವೇ ಇಲ್ಲಿಗೆ ಬರಬಹುದು. ನನಗೆ ಹೆದರಿಕೆ ಇರುವುದು ಕೃತಕ ಬುದ್ಧಿಮತ್ತೆಯ ಬಗ್ಗೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್, ಟೆಸ್ಟಿಂಗ್ ಕೆಲಸಕ್ಕೇ ಅದು ಮೊದಲು ಕೈಹಾಕುತ್ತದೆ. ಇನ್ನೂ ಒಂದು ಮಾತು. ಈ ಸೇವಾ ವಲಯ ಎಷ್ಟೇ ಬೆಳೆದರೂ ಮದ್ದೂರಿನ ಆ ವ್ಯಾನಿನಲ್ಲಿ ಕೂತವರಿಗೆ ಅದರಲ್ಲಿ ಜಾಗ ಇಲ್ಲ. ದೇಶದಲ್ಲಿ ದುಡಿಯುವವರಲ್ಲಿ 2023-24ರಲ್ಲೂ ಶೇ 46ರಷ್ಟು ಜನ ಕೃಷಿಯಲ್ಲಿದ್ದರು. ಕೋವಿಡ್‌ಗೆ ಮುಂಚೆ ಇದಕ್ಕಿಂತ ಕಡಿಮೆ ಇದ್ದರು. ಬೆಳೆಯುತ್ತಿರುವ ದೇಶದಲ್ಲಿ ಜನ ಹೊಲಕ್ಕೆ ವಾಪಸ್ ಹೋದರು ಅಂದರೆ ಎಲ್ಲೋ ತಪ್ಪಿದೆ.

ಒಪ್ಪಂದಗಳ ಕಡೆ ಒಳ್ಳೆಯ ಸುದ್ದಿ ಇದೆ. ಯುಎಇ ಮತ್ತು ಆಸ್ಟ್ರೇಲಿಯಾ ಜೊತೆ 2022ರಲ್ಲೇ ಜಾರಿಗೆ ಬಂದವು. ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿ ಬಿತ್ತು, ಮನಮೋಹನ್ ಸಿಂಗ್ ಅವರ ಬಜೆಟ್ಟಿಗೆ ಸರಿಯಾಗಿ 34 ವರ್ಷ ತುಂಬಿದ ದಿನ. ಐರೋಪ್ಯ ಒಕ್ಕೂಟದ ಜೊತೆಗಿನ ಮಾತುಕತೆ 2026ರ ಜನವರಿಯಲ್ಲಿ ಮುಗಿಯಿತು.

ಆದರೆ ಯುರೋಪಿನ ಗೋಡೆಗಳು ಈಗ ಬರೀ ಸುಂಕದ್ದಲ್ಲ. ಕೊಡಗಿನ ಕಾಫಿ ಬೆಳೆಗಾರರನ್ನು ಕೇಳಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಅತಿ ದೊಡ್ಡ ಗಿರಾಕಿ ಇಟಲಿ. 2020ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಯುರೋಪ್ ಕಾನೂನು ಮಾಡಿದೆ. ಎರಡು ಸಲ ಮುಂದೂಡಿ ಈಗ 2026ರ ಕೊನೆಗೆ ಬಂದು ನಿಂತಿದೆ. ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು, ಜಮೀನು ಕಾನೂನುಬದ್ಧ ಅಂತ ತೋರಿಸಬೇಕು. ನಮ್ಮ ಬೆಳೆಗಾರರು ಮರದ ನೆರಳಿನಲ್ಲಿ ಕಾಫಿ ಬೆಳೆಯುವವರು. ಕಾಡಿನ ವಿಷಯದಲ್ಲಿ ಅವರು ಗೆಲ್ಲಬೇಕು. ಆದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಎಷ್ಟೋ ಕಡೆ ಇರುವುದು ತಾತ, ಮುತ್ತಾತನ ಕಾಲದ ಪಟ್ಟೆದಾರರ ಹೆಸರು. ಇಟಲಿಯ ಕಂಪನಿ ಕೇಳುವ ಕಾಗದ ನಮ್ಮ ತಾಲ್ಲೂಕು ಕಚೇರಿಯಲ್ಲಿ ಸರಿಯಾಗಬೇಕು. ಇದೂ ನಮ್ಮದೇ ಬಾಗಿಲು. ಉಕ್ಕಿಗೂ ಇಂಥದ್ದೇ ಒಂದು ಬಂದಿದೆ. 2026ರ ಜನವರಿಯಿಂದ ಯುರೋಪ್ ಇಂಗಾಲದ ಲೆಕ್ಕ ಹಿಡಿದು ಶುಲ್ಕ ಹಾಕುತ್ತದೆ. ಕಲ್ಲಿದ್ದಲು ಉರಿಸುವ ತೋರಣಗಲ್ಲಿನ ಕುಲುಮೆಗಳೂ ಆ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಮುಂದೇನು? ಶೇ 6ರ ಆಸುಪಾಸಿನ ಬೆಳವಣಿಗೆ ಬರಿಯ ಒಳಗಿನ ಬೇಡಿಕೆಯಿಂದಲೇ ಮುಂದುವರಿಯಬಹುದು. ನಮ್ಮ ಗಾತ್ರವೇ ಅದಕ್ಕೆ ಸಾಕು. ಆದರೆ ಆ ವೇಗದಲ್ಲಿ ಹಳ್ಳಿಯಿಂದ ಹೊರಡುವ ಹುಡುಗ ಹುಡುಗಿಯರಿಗೆಲ್ಲ ಕೆಲಸ ಸಿಗುವುದಿಲ್ಲ. ಅದಕ್ಕೆ ರಫ್ತಿನ ಕಾರ್ಖಾನೆ ಬೇಕೇ ಬೇಕು. ಚೀನಾ ಬಿಟ್ಟು ಬೇರೆ ಕಡೆ ನೋಡುತ್ತಿರುವ ಕಂಪನಿಗಳು ಇನ್ನೂ ಹುಡುಕಾಟದಲ್ಲಿವೆ. ಬಾಂಗ್ಲಾದೇಶ 2026ರ ನವೆಂಬರಿನಲ್ಲಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಬೇಕಿದೆ. ಆಮೇಲೆ ಅವರ ಸುಂಕ ರಿಯಾಯಿತಿಗಳು ಒಂದೊಂದಾಗಿ ಕಳಚುತ್ತವೆ. ಇದು ನಮಗೆ ಸಿಕ್ಕಿರುವ ಸಮಯ. ಜಾಸ್ತಿ ದಿನ ಸಿಗುವಂಥದ್ದಲ್ಲ.

ಈ ಸಮಯವನ್ನು ಬಳಸಿಕೊಳ್ಳುತ್ತೇವಾ ಅಂತ ತಿಳಿಯಲು ನಾನು ಮುಂದಿನ ಬಜೆಟ್ಟಿನಲ್ಲಿ ಕಚ್ಚಾ ಮಾಲಿನ ಸುಂಕಗಳ ಪಟ್ಟಿಯನ್ನು ನೋಡುತ್ತೇನೆ. ಜೊತೆಗೆ ದೊಡ್ಡಬಳ್ಳಾಪುರದ ಹಾಸ್ಟೆಲುಗಳನ್ನೂ. ಕಾರ್ಖಾನೆ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಕರ್ನಾಟಕ ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ದಾರಿ ಮಾಡಿಕೊಟ್ಟಿತು. ಫೋನ್ ಜೋಡಣೆಯ ಲೈನಿನಲ್ಲಿ ಈಗ ದೂರದ ಜಿಲ್ಲೆಗಳ, ಬೇರೆ ರಾಜ್ಯಗಳ ಹುಡುಗಿಯರೂ ಇದ್ದಾರೆ. ಸಿಂಧನೂರಿನಿಂದಲೋ ಜೇವರ್ಗಿಯಿಂದಲೋ ರಾತ್ರಿ ಬಸ್ಸಿಗೆ ಬಂದಿಳಿದ ಹುಡುಗಿಗೆ ಒಂದು ಮಂಚ, ನೀರು ಬರುವ ಸ್ನಾನದ ಮನೆ, ರಾತ್ರಿ ಎರಡಕ್ಕೆ ಪಾಳಿ ಮುಗಿದಾಗ ಬಾಗಿಲವರೆಗೆ ಬಿಡುವ ವ್ಯಾನು ಇರಬೇಕು. ಇವಿಲ್ಲದಿದ್ದರೆ ಅವಳು ಎರಡು ಹಬ್ಬ ಕಳೆಯುವಷ್ಟರಲ್ಲಿ ಊರಿಗೆ ಹೋಗಿಬಿಡುತ್ತಾಳೆ. ಕಲಿತ ಕೈಕೆಲಸವೂ ಅವಳ ಜೊತೆಗೇ ಹೋಗುತ್ತದೆ. ಇದ್ದರೆ, ಐದು ವರ್ಷದ ನಂತರ ಅವಳೇ ಲೈನ್ ಲೀಡರ್ ಆಗಿ ಹೊಸದಾಗಿ ಬಂದವರಿಗೆ ಕಲಿಸುತ್ತಿರುತ್ತಾಳೆ.